ಮಂಚದ ಬದಿಗೆ 10 ಇಂಚಿನ ಟೇಬಲ್ಲು

ಟೇಬಲ್ಲು ತಗಂಬದು ಎಂತ ದೊಡ್ಡ ಸುದ್ದಿ, ಅದ್ರ ಬಗ್ಗೆ ಬರಿಯಲೆ ಎಂತಿದ್ದು ಹೇಳಿ ನಿಂಗಕ್ಕೆ ಅನ್ಸಕ್ಕು. ಆದ್ರೆ ಈಗ ನಮ್ಮ ಬದಿಲಿ ಸುಮಾರು ಮನೆಲಿ ಒಂದೇ ಕಥೆ. ಮನೆಲಿಪ್ಪ ಹಿರಿಯವಕ್ಕೆ ಮೆತ್ತು ಹತ್ತಲೆ ಆಗ್ತಿಲ್ಲೆ. ನಡುಮನೆಲಿ ಹಾಸಿಗೆ ಹಾಸಿಕೊಟ್ರೆ ನೆಲದಿಂದ ಏಳಲೆ ಆಗ್ತಿಲ್ಲೆ. ಹಂಗಾಗಿ ಬಚ್ಚಲಿಗೆ ಹತ್ರ ಇಪ್ಪ ಯಾವುದೋ ಒಂದು ಸಣ್ಣ ಕೋಣೆಗೆ ಮಂಚ ಹಾಕಿ ಅವರನ್ನ ಅಲ್ಲಿಗೆ ಕಳಿಸ್ತ್ಯ. ಮಂಚ ಆತು, ಹಾಸಿಗೆ ಆತು, ಫ್ಯಾನು ಆತು. ತಲೆ ಹತ್ರ ಒಂದು ಟೇಬಲ್ಲು ಬೇಕು ಹೇಳದು ನೆನಪಾಗದು ಕಡಿಗೆ. ಅಷ್ಟೊತ್ತಿಗೆ ಜಾಗವೂ ಇರ್ತಿಲ್ಲೆ, ದುಡ್ಡೂ ಮುಗ್ದಿರ್ತು. "ಒಂದು ಸ್ಟೂಲು ಇಟ್ರಾತು ಬಿಡು" ಹೇಳಿ ಮುಗಿಸ್ತ್ಯ. ಅಲ್ಲೇ ಒಂಚೂರು ನಿಂತು ಯೋಚನೆ ಮಾಡವು ಹೇಳಿ ಯಂಗೆ ಅನ್ಸಿದ್ದು. ಅದ್ಕೇ ಇಷ್ಟುದ್ದ ಬರಿತಾ ಇದ್ದಿ.

ಯಮ್ಮನೆ ಅತ್ತೆಗೆ 78 ವರ್ಷ. ಹೋದ ಚಳಿಗಾಲದಲ್ಲಿ ಮಂಡಿ ನೋವು ಜೋರಾತು. ನೆಲದ ಮೇಲೆ ಮಲಗದು ಬೇಡ, ನಡಿಯಲೆ ವಾಕರ್ ಹಿಡ್ಕಳಿ ಹೇಳಿ ಡಾಕ್ಟ್ರು ಹೇಳಿದ. ಹಿಂದೆ ಅಡಿಕೆ ಚೀಲ ಇಡ್ತಿದ್ದ ಕೋಣೆ ಒಂದಿತ್ತು, ಬಚ್ಚಲಿಂದ ನಾಲ್ಕೇ ಹೆಜ್ಜೆ. ಅದ್ನ ಖಾಲಿ ಮಾಡಿ, ಸುಣ್ಣ ಬಣ್ಣ ಹೊಡೆಸಿ, ಮಂಚ ಹಾಕಿದ್ಯ. ಚಂದ ಆತು. ಅತ್ತೆಗೂ ಬೇಜಾರಾಗಿದ್ದಿಲ್ಲೆ, ಕಿಟಕಿಲಿ ತೋಟ ಕಾಣ್ತು, ದನ ಕೂಗಿದ್ದು ಕೇಳ್ತು ಹೇಳಿ ಖುಷಿಯಾಗೇ ಇತ್ತು.

ಆ ವಾರ ಬಂದಿದ್ದ ನಾದಿನಿ ಹೇಳ್ಚು, "ಅತ್ತಿಗೆ, ಮಂಚದ ಹತ್ರ ಒಂದು ಬೆಲ್ ಹಾಕ್ಸಿಬಿಡಿ. ರಾತ್ರೆ ಎಂತ ಬೇಕಾದ್ರೂ ಅಮ್ಮ ಒತ್ತಿರೆ ಆತು, ನಿಂಗಕ್ಕೆ ಕೇಳ್ತು." ಒಳ್ಳೆ ಮಾತೇ. ಅತ್ತೆ ಎಂತೂ ಹೇಳಿದ್ದಿಲ್ಲೆ. ಮರುದಿನ ಬೆಳಿಗ್ಗೆ ಆನು ತಂಬುಳಿಗೆ ಒಂದೆಲಗ ಬಿಡಿಸ್ತಾ ಕೂತಿದ್ದಾಗ ಹತ್ರ ಬಂದು ಕುರ್ಚಿಲಿ ಕೂತ್ಗಂಡು ಮೆಲ್ಲಗೆ ಹೇಳ್ಚು, "ಕರದ್ರೆ ನೀ ಎದ್ದು ಬತ್ತೆ ಹೇಳದು ಯಂಗೆ ಗೊತ್ತಿದ್ದು ಕೂಸೆ. ಆದ್ರೆ ಕರೆಯದೇ ಇದ್ರೂ ನಡೀತು ಹೇಳಿ ಆದ್ರೆ ಯಂಗೆ ನಿದ್ದೆ ಬತ್ತು."

ಈ ಮಾತು ಯಂಗೆ ಸರೀ ತಾಗ್ಚು. 55 ವರ್ಷ ಈ ಮನೆಲಿ ಎಲ್ಲರಿಗಿಂತ ಮೊದ್ಲು ಎದ್ದು ಒಲೆ ಹೊತ್ತಿಸಿದ ಹೆಂಗಸು ಅದು. ರಾತ್ರೆ ಒಂದು ಗುಟುಕು ನೀರಿಗೆ ಇನ್ನೊಬ್ಬರ ನಿದ್ದೆ ಕೆಡಿಸವು ಹೇಳಾದ್ರೆ, ಬಾಯಿ ಒಣಗಿದ್ರೂ ಸುಮ್ನೆ ಮನಿಕ್ಯಂಡೇ ಇರ್ತು. ಇಲ್ಲದಿದ್ರೆ ಕತ್ತಲಲ್ಲಿ ತಾನೇ ಎದ್ದು ಹೊರಡ್ತು. ಎರಡೂ ಒಳ್ಳೆದಲ್ಲ. ಅಂದ್ರೆ ಟೇಬಲ್ಲು ಬರೀ ಸಾಮಾನಲ್ಲ, ಅತ್ತೆ ತನ್ನ ಕೆಲಸ ತಾನೇ ಮಾಡ್ಕಂಬಲೆ ಇಪ್ಪ ದಾರಿ ಅದು.

ಹಿಂದೆ ಇದರ ಅಗತ್ಯವೇ ಇತ್ತಿಲ್ಲೆ, ಎಂತಕ್ಕೆ ಹೇಳಿ ಯೋಚನೆ ಮಾಡಿದಿ. ನೆಲದ ಮೇಲೆ ಹಾಸಿಗೆ ಹಾಸಿ ಮಲಗುವವಕ್ಕೆ ಇಡೀ ನೆಲವೇ ಟೇಬಲ್ಲು! ತಲೆ ಹತ್ರ ತಂಬಿಗೆ, ಬಲಗೈ ಹತ್ರ ಟಾರ್ಚು, ದಿಂಬಿನ ಕೆಳಗೆ ಕನ್ನಡಕದ ಪೆಟ್ಟಿಗೆ. ಕೈ ಚಾಚಿದ್ರೆ ಎಲ್ಲ ಸಿಕ್ತು. ಬೀಳದು ಉರುಳದು ಹೇಳದೇ ಇಲ್ಲೆ. ಮಂಚ ಹತ್ತಿದ ಕೂಡ್ಲೆ ನೆಲ 20 ಇಂಚು ಕೆಳಗೆ ಹೋತು. ಮಂಡಿಗೆ ಅನುಕೂಲ ಆತು, ಕೈಗೆ ದೂರ ಆತು.

ಇನ್ನೊಂದು, ಗೋಡೆ ಗೂಡು. ಯಮ್ಮನೆ ನಡುಮನೆದು ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಅದ್ರಲ್ಲಿ ಕೂತ್ರೆ ಕೈಗೆ ಸಿಗ ಹಂಗೆ ಒಂದು ಗೂಡು ಇದ್ದು. ಚಿಮಣಿ ಬುಡ್ಡಿ, ಬೆಂಕಿಪೆಟ್ಟಿಗೆ, ಕವಳದ ಬಟ್ಟಲು ಎಲ್ಲ ಅಲ್ಲೇ. ಗೂಡಿನ ಮೇಲಿನ ಬದಿ ದೀಪದ ಮಸಿ ಹಿಡ್ದಿದ್ದು ಎಷ್ಟು ಸಲ ಬಣ್ಣ ಹೊಡೆದ್ರೂ ಹೋಗ್ತಿಲ್ಲೆ. ಹಿಂದಿನವು ಎಷ್ಟು ಬುದ್ಧಿವಂತರು ನೋಡಿ. ಗೂಡು ಗೋಡೆಯ ಹೊಟ್ಟೆ ಒಳಗೇ ಇರ್ತು, ಕೋಣೆ ಜಾಗ ಒಂದಿಂಚೂ ತಿಂತಿಲ್ಲೆ. ಓಡಾಡುವವಕ್ಕೆ ತಾಗ್ತಿಲ್ಲೆ. ಮಗುಚಿ ಬೀಳ್ತಿಲ್ಲೆ. ಈಗಿನ ಆರಿಂಚಿನ ಗೋಡೆಲಿ ಗೂಡು ತೆಗೆಯಲೆ ಹೋದ್ರೆ ಆಚೆ ಬದಿ ಬೆಳಕು ಕಾಣ್ತು! ಹಂಗಾಗಿ ಗೋಡೆ ಒಳಗಿದ್ದ ಗೂಡು ಹೊರಗೆ ಬಂದು ಕಾಲು ಇಟ್ಗಂಡು ನಿಂತಿದ್ದು, ಅದೇ ಈಗಿನ ಟೇಬಲ್ಲು. ಗೂಡು ಮಾಡ್ತಿದ್ದ ಕೆಲಸ ಅದೂ ಮಾಡವು, ಗೂಡಿನಷ್ಟೇ ಕಮ್ಮಿ ಜಾಗ ತಿನ್ನವು. ಇಷ್ಟು ತಲೆಲಿ ಇಟ್ಗಂಡ್ರೆ ಅರ್ಧ ಕೆಲಸ ಆದ ಹಂಗೆ.

ಇನ್ನು ಅಳತೆ ಸುದ್ದಿ. ನಮ್ಮ ವರದಾಮೂಲದಿಂದ ಇಕ್ಕೇರಿ ಎಷ್ಟು ದೂರ? ಹತ್ರವೇ. ಅಲ್ಲಿಯ ಅಘೋರೇಶ್ವರ ದೇವಸ್ಥಾನದ ಎರಡು ಕಂಬದ ನಡುವಿನ ದೂರವೇ ಶಿವಪ್ಪನಾಯಕನ ಕಾಲದಲ್ಲಿ ಅಡಿಕೆ ತೋಟ ಅಳೆಯ ಕೋಲಿಗೆ ಪ್ರಮಾಣ ಆಗಿತ್ತು ಹೇಳ್ತ. ಈಗಿನ ಲೆಕ್ಕದಲ್ಲಿ 18 ಅಡಿ 6 ಇಂಚು. ಕೋಲಿನ ಬಗ್ಗೆ ಜಗಳ ಬಂದ್ರೆ ಕಂಬದ ಹತ್ರ ಹೋಗಿ ಹಿಡಿದು ನೋಡಿದ್ರಾತು, ಕಲ್ಲಿನ ಕಂಬ ಸುಳ್ಳು ಹೇಳ್ತಿಲ್ಲೆ. ತೋಟಕ್ಕೆ ಅಷ್ಟು ಕಟ್ಟುನಿಟ್ಟಾಗಿ ಅಳತೆ ಮಾಡಿದ ಊರಿನವು ನಾವು, ಕೋಣೆ ಒಳಗಿನ ಸಾಮಾನಿಗೆ ಮಾತ್ರ "ಅಂದಾಜು ಹಿಡೀತು ಬಿಡು" ಹೇಳ್ತ್ಯ! ಸಣ್ಣ ಕೋಣೆಲಿ ಅಂದಾಜು ನಡೀತಿಲ್ಲೆ. ಅಲ್ಲಿ ಎರಡಿಂಚೂ ಲೆಕ್ಕಕ್ಕೆ ಬತ್ತು.

ಯಮ್ಮನೆ ಕೋಣೆ 9 ಅಡಿ ಉದ್ದ, 8 ಅಡಿ ಅಗಲ. ಅಗಲ ಇಂಚಿನಲ್ಲಿ 96. ಮಂಚ 36 ಇಂಚು, ಒಂದು ಬದಿ ಗೋಡೆಗೆ ತಾಗಿಸಿ ಹಾಕಿದ್ದು. ತಲೆ ಪೂರ್ವಕ್ಕೆ, ಅದ್ನ ಅತ್ತೆ ಬಿಡ್ತಿಲ್ಲೆ. ಎದುರು ಗೋಡೆಗೆ ಕಬ್ಬಿಣದ ಕಪಾಟು, ಅದು 19 ಇಂಚು. ಕಳೆದ್ರೆ ನಡುವೆ ಉಳಿಯದು 41 ಇಂಚು. ಅಂಗಡಿಲಿ ಸಿಗ ಟೇಬಲ್ಲು ಹೆಚ್ಚಿಂದು 18 ಇಂಚು ಚೌಕ. ಅದ್ನ ಇಟ್ರೆ ಓಡಾಡಲೆ 23 ಇಂಚು ಉಳೀತು. ಅತ್ತೆ ವಾಕರಿನ ಅಗಲವೇ 22 ಇಂಚು! ಕಪಾಟಿನ ಬಾಗಿಲಿನ ಒಂದು ರೆಕ್ಕೆ 18 ಇಂಚು, ಅದ್ನ ತೆಗೆದ್ರೆ ನಿಂತ್ಗಂಬಲೂ ಜಾಗ ಇಲ್ಲೆ. 10 ಇಂಚಿನ ಟೇಬಲ್ಲು ಆದ್ರೆ 31 ಇಂಚು ಉಳೀತು. ವಾಕರ್ ಹಿಡ್ಕಂಡು ಗೋಡೆಗೂ ಕಪಾಟಿಗೂ ತಾಗದೇ ಬಪ್ಪಲೆ ಅಕ್ಕು.

ಇಲ್ಲಿ ಒಂದು ವಿಷಯ ಗಮನಿಸಿ. ಓಡಾಡ ದಾರಿಗೆ ಅಡ್ಡ ಬಪ್ಪದು ಟೇಬಲ್ಲಿನ ಅಗಲ ಮಾತ್ರ. ಮಂಚದ ಉದ್ದಕ್ಕೆ ಅದು ಎಷ್ಟಿದ್ರೂ ದಾರಿಗೆ ತೊಂದ್ರೆ ಇಲ್ಲೆ. ಹಂಗಾಗಿ ಚೌಕದ ಟೇಬಲ್ಲೇ ಬೇಕು ಹೇಳಿಲ್ಲೆ, 10 ಇಂಚು ಅಗಲ, 16 ಇಂಚು ಉದ್ದ ಮಾಡಲಕ್ಕು. ಆದ್ರೆ ಉದ್ದಕ್ಕೂ ಒಂದು ಮಿತಿ ಇದ್ದು. ತಲೆಯಿಂದ ಮೊಣಕೈ ತನಕ ಬಂದ್ರೆ ಸಾಕು. ಸೊಂಟದ ತನಕ ಬಂದ್ರೆ ಎದ್ದು ಕೂತು ಕಾಲು ಕೆಳಗೆ ಬಿಡಲೆ ಅದೇ ಅಡ್ಡ ಆಗ್ತು.

ಯಂಗ ಮಾಡಿದ ಉಪಾಯ ಇಷ್ಟೇ. ಹಳೇ ಪೇಪರ್ ತಗಂಡು 18 ಇಂಚು ಚೌಕಕ್ಕೆ ಒಂದು, 10 ಕ್ಕೆ 16 ರ ಲೆಕ್ಕದಲ್ಲಿ ಒಂದು ಕತ್ತರಿಸಿದಿ. ಮೊದ್ಲು ದೊಡ್ಡದನ್ನ ಮಂಚದ ಬದಿಗೆ ನೆಲಕ್ಕೆ ಹಾಸಿ, "ಅತ್ತೆ, ಪೇಪರ್ ಮೆಟ್ಟದೇ ಬಚ್ಚಲಿಗೆ ಹೋಗಿ ಬನ್ನಿ ನೋಡ್ವ" ಹೇಳಿದಿ. ವಾಕರಿನ ಕಾಲು ಎರಡು ಸಲ ಪೇಪರಿನ ಮೇಲೆ ಬಂತು. ಸಣ್ಣದು ಹಾಸಿದ ಮೇಲೆ ಬಂದಿದ್ದಿಲ್ಲೆ. ಆ ಪೇಪರನ್ನ ಎರಡು ದಿನ ಹಂಗೇ ಬಿಟ್ಟಿ. ರಾತ್ರೆ ಹಗಲು ಓಡಾಡಿ ಅತ್ತೆಯೇ ಹೇಳ್ಚು, "ಇದು ಅಡ್ಡಿಲ್ಲೆ." ದುಡ್ಡು ಕೊಡ ಮೊದ್ಲೇ ತೀರ್ಮಾನ ಆತು, ಖರ್ಚು ಒಂದು ಹಳೇ ಪೇಪರ್.

ಮತ್ತೆ ಅದೇ ಪೇಪರಿನ ಮೇಲೆ ರಾತ್ರೆ ಬೇಕಪ್ಪ ಸಾಮಾನನ್ನೆಲ್ಲ ಜೋಡಿಸಿ ನೋಡಿದ್ಯ. ನೀರಿನ ತಾಮ್ರದ ತಂಬಿಗೆ, ಅದ್ರ ಬಾಯಿಗೆ ಮಗುಚಿ ಹಾಕ ಲೋಟ. ಕನ್ನಡಕದ ಪೆಟ್ಟಿಗೆ. ಟಾರ್ಚು. ಫೋನು. ಮಾತ್ರೆ ಡಬ್ಬಿ. ನೋವಿನ ಮುಲಾಮು. ದೇವರನಾಮ ಬರಕಂಡ ನೋಟುಬುಕ್ಕು. ಕಡಿಗೆ ಕವಳದ ಬಟ್ಟಲು. "ರಾತ್ರೆ ಕವಳ ಎಂತಕ್ಕೆ ಅತ್ತೆ?" ಕೇಳಿದಿ. "ಹಾಕದಿಲ್ಲೆ, ಹತ್ರ ಇದ್ರೆ ಸಮಾಧಾನ" ಹೇಳ್ಚು. ಆತು, ಅದೂ ಇರ್ಲಿ. ಎಲ್ಲ ಮೇಲೇ ಇಟ್ರೆ ಹಿಡೀತಿಲ್ಲೆ. ಆದ್ರೆ ಕೈಗೆ ಕೂಡ್ಲೇ ಬೇಕಪ್ಪದು ನಾಲ್ಕೇ: ನೀರು, ಟಾರ್ಚು, ಕನ್ನಡಕ, ಫೋನು. ಉಳಿದದ್ದಕ್ಕೆ ಕೆಳಗೊಂದು ಖಾನೆ ಇದ್ರೆ ಸಾಕು.

ಸಾಗರಕ್ಕೆ ಹೋದಾಗ ಎರಡು ಮೂರು ಅಂಗಡಿ ನೋಡಿದ್ಯ. ಚಂದ ಚಂದದ್ದು ಇತ್ತು, ಆದ್ರೆ ಎಲ್ಲ ದೊಡ್ಡ ಕೋಣೆಗೆ, ದೊಡ್ಡ ಮಂಚದ ಎರಡೂ ಬದಿಗೆ ಇಡ ಜೋಡಿ ಲೆಕ್ಕದಲ್ಲಿ ಮಾಡಿದ್ದು. ಬೆಂಗ್ಳೂರಲ್ಲಿಪ್ಪ ಯಮ್ಮನೆ ಮಾಣಿ ಫೋನಲ್ಲಿ ಸುಮಾರು ಫೋಟೋ ಕಳಿಸಿದ. "ಅಮ್ಮ, ಇದು 10 ಇಂಚೇ ಇದ್ದು, ತರಿಸಿ ಕೊಡ್ತಿ" ಹೇಳ್ದ. ಅಗಲ ಸರಿ ಇತ್ತು, ಆದ್ರೆ ಅದು ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು. ಬೆಂಗ್ಳೂರಿಗೆ ಅಡ್ಡಿಲ್ಲೆ. ನಮ್ಮ ಬದಿ ಮಳೆಗಾಲ ನಿಂಗಕ್ಕೆ ಗೊತ್ತಿದ್ದಲ, ಕಪಾಟಿನೊಳಗಿನ ಸೀರೆಗೇ ಬೂಸಲು ಬತ್ತು. ಆ ಬೋರ್ಡಿಗೆ ನೀರು ತಾಗಿದ್ರೆ ಅಂಚು ಉಬ್ಬಿ ಪದರ ಬಿಡ್ತು. ತಲೆ ಹತ್ರದ ಟೇಬಲ್ಲಿಗೆ ದಿನಾ ನೀರಿನ ತಂಬಿಗೆ ಇಡದೇ ಕೆಲಸ. ಬೇಡ ಹೇಳಿದಿ.

ಮೆತ್ತು ರಿಪೇರಿ ಮಾಡಿಸಿದಾಗ ತೆಗೆದಿಟ್ಟಿದ್ದ ಹಲಸಿನ ಹಲಗೆ ಕೊಟ್ಟಿಗೆ ಅಟ್ಟದ ಮೇಲೆ ಬಿದ್ದಿತ್ತು. ಇಳಿಸಿ ಅಳೆದ್ರೆ ಒಂದೊಂದೂ 10 ಇಂಚು ಅಗಲ, ಒಂದಿಂಚು ದಪ್ಪ! ಅಗಲಕ್ಕೆ ಕೊಯ್ಯದೂ ಬೇಡ, ಜೋಡಿಸದೂ ಬೇಡ. ಹಲಸಿನ ಮರ ಹೊಸತರಲ್ಲಿ ಅರಿಶಿನ ಬಣ್ಣ, ವರ್ಷ ಹೋದ ಹಂಗೆ ಕಂದು ಆಗ್ತಾ ಬತ್ತು. ಅದ್ರ ತಿರುಳಿಗೆ ವರಲೆ ಸುಲಭಕ್ಕೆ ಹಿಡಿತಿಲ್ಲೆ. ನಮ್ಮ ಊಟದ ಮಣೆ, ದೇವರ ಪೀಠ ಎಲ್ಲ ಅದ್ರಲ್ಲೇ ಮಾಡ್ಸದು ಸುಮ್ನೆ ಅಲ್ಲ. ನಿಂಗಳ ಮನೆ ಅಟ್ಟದಲ್ಲೂ ಹಿಂಗಿದ್ದು ಇಕ್ಕು, ಹೊಸ ಹಲಗೆ ತಪ್ಪ ಮೊದ್ಲು ಒಂದು ಸಲ ಹತ್ತಿ ನೋಡಿ.

ಆಚಾರ್ರು ಮನೆಗೇ ಬಂದ. ಅವು ಮಾಡಿದ ಮೊದ್ಲ ಕೆಲಸ ಯಂಗೆ ಭಾರೀ ಇಷ್ಟ ಆತು. ಟೇಪು ತೆಗೆಯ ಮೊದ್ಲು ಅತ್ತೆ ಹತ್ರ ಹೇಳಿದ, "ಅಮ್ಮ, ನೀವು ಮಲಗಿ ಕೈ ಚಾಚಿ. ಕೈ ಎಲ್ಲಿಗೆ ಬರ್ತದೆ ನೋಡ್ತೇನೆ." ಮಂಚ 16 ಇಂಚು, ಹಾಸಿಗೆ 4 ಇಂಚು, ಒಟ್ಟು 20. ಟೇಬಲ್ಲು ಹಾಸಿಗೆಯ ಸಮಕ್ಕೇ ಇರವು. ಎತ್ತರ ಆದ್ರೆ ಮನಿಕ್ಯಂಡವರು ಮೊಣಕೈ ಎತ್ತಿ ಕಾಣದೇ ತಡಕಾಡವು, ಮೊದ್ಲು ತಂಬಿಗೆಯೇ ಉರುಳ್ತು. ತಗ್ಗಾದ್ರೆ ಮಂಚದಿಂದ ಬಗ್ಗವು, ವಯಸ್ಸಾದವಕ್ಕೆ ತಲೆ ತಿರುಗ್ತು. ಸಮ ಇದ್ರೆ ಕೈ ಹಾಸಿಗೆ ಮೇಲಿಂದ ಜಾರಿ ಸೀದಾ ಟೇಬಲ್ಲಿಗೆ ಹೋಗ್ತು, ಕಣ್ಣು ಬಿಡದೇ ಬೇಡ.

"ಆದ್ರೆ ಅಮ್ಮ, ಇಪ್ಪತ್ತಿಂಚು ಎತ್ತರ, ಹತ್ತೇ ಇಂಚು ಅಗಲ. ಕೈ ಊರಿದ್ರೆ ಮಗುಚ್ತದೆ" ಹೇಳಿದ ಆಚಾರ್ರು. ಸಪೂರದ ಟೇಬಲ್ಲಿನ ನಿಜವಾದ ಕಷ್ಟ ಇದೇ. ನಾವು ಎಷ್ಟು ಹೇಳಿದ್ರೂ, ನಿದ್ದೆಗಣ್ಣಲ್ಲಿ ಏಳವು ಹತ್ರ ಇದ್ದದ್ದನ್ನ ಹಿಡ್ಕಂಡೇ ಏಳದು. ಅದ್ಕೆ ಎರಡು ಉಪಾಯ ಮಾಡಿದ. ಹಿಂದಿನ ಎರಡು ಕಾಲನ್ನ ಮೇಲ್ಗಡೆ ಕಬ್ಬಿಣದ ಎಲ್ ಪಟ್ಟಿ ಹಾಕಿ ಗೋಡೆಗೆ ಸ್ಕ್ರೂ ಮಾಡಿದ. ಭಾರದ ಸಾಮಾನು ಇಡ ಖಾನೆ ಆದಷ್ಟು ಕೆಳಗೆ ಕೊಟ್ಟ, ಕೆಳಗೆ ಭಾರ ಇದ್ರೆ ಟೇಬಲ್ಲು ಅಲ್ಲಾಡ್ತಿಲ್ಲೆ. ಹಂಗಿದ್ರೂ ಅದು ಹಿಡ್ಕಂಡು ಏಳಲೆ ಇಪ್ಪದಲ್ಲ. ಅದ್ಕೆ ವಾಕರೇ ಬೇಕು. ಟೇಬಲ್ಲು ಮೊಣಕೈಗೇ ಮುಗೀತಲ, ಅದ್ರ ಪಕ್ಕ ಕಾಲು ಬಿಡ ಜಾಗದಲ್ಲೇ ವಾಕರ್ ನಿಲ್ಸಿ ಇಡ್ತ್ಯ.

ಮೇಲಿನ ಹಲಗೆಗೆ ಮೂರು ಬದಿ ಅರ್ಧ ಇಂಚು ಎತ್ತರದ ಪಟ್ಟಿ ಹೊಡೆದ, ಟಾರ್ಚು ಉರುಳಿ ಬೀಳಲಾಗ ಹೇಳಿ. ಮಂಚದ ಬದಿಗೆ ಮಾತ್ರ ಪಟ್ಟಿ ಇಲ್ಲೆ, ಕೈ ಜಾರಿ ಹೋಪಲೆ. ತಂಬಿಗೆ ತಳದ ಅಳತೆಗೆ ಹಲಗೆಲಿ ಕಾಲಿಂಚು ಆಳದ ಗುಂಡಿ ಕೆತ್ತಿದ. ತಂಬಿಗೆ ಅದ್ರಲ್ಲಿ ಕೂತ್ರೆ ಕೈ ತಾಗಿರೂ ಸರಿತಿಲ್ಲೆ. ಈ ಗುಂಡಿ ಯನ್ನ ಯೋಚನೆಯೂ ಅಲ್ಲ, ಆಚಾರ್ರದ್ದೂ ಅಲ್ಲ, ಅತ್ತೆದು. "ದೇವರ ಪೀಠಕ್ಕೆ ಮಾಡ್ತ್ರಲ, ಹಂಗೇ" ಹೇಳ್ಚು. ಅಂಚು ಮೂಲೆ ಎಲ್ಲ ಗೋಲ ಮಾಡ್ಸಿದ್ಯ, ವಯಸ್ಸಾದವರ ಚರ್ಮ ಸಣ್ಣಕೆ ತಾಗಿರೂ ಹರೀತು. ಕೆಳಗಿನ ಖಾನೆಗೂ ನೆಲಕ್ಕೂ ನಡುವೆ 6 ಇಂಚು ಬಿಡ್ಸಿದಿ, ಕಸಬರಿಗೆ ಹೋಪಲೆ. ಕಾಲಿನ ಬುಡಕ್ಕೆ ರಬ್ಬರು, ಮಳೆಗಾಲದಲ್ಲಿ ನೆಲ ಬೆವರ್ತಲ, ಅದ್ಕೆ.

ಡ್ರಾಯರ್ ಬೇಡವಾ ಹೇಳಿ ಆಚಾರ್ರು ಕೇಳಿದ. ನೋಡಲೆ ಚಂದ ಇರ್ತು ನಿಜ. ಆದ್ರೆ ಮನಿಕ್ಯಂಡು ಒಂದೇ ಕೈಲಿ ಡ್ರಾಯರ್ ಎಳೆಯಲೆ ಬತ್ತಿಲ್ಲೆ. ಆಷಾಢದಲ್ಲಿ ಮರ ನೀರು ಕುಡ್ದು ಉಬ್ಬಿದ ಮೇಲಂತೂ ಎದ್ದು ಕಾಲು ಕೊಟ್ಟು ಎಳೆಯವು! ಬರೀ ತೆರೆದ ಖಾನೆ ಸಾಕು ಹೇಳಿದಿ. ಒಳಗೆ ಎಂತಿದ್ದು ಹೇಳಿ ಕಾಣ್ತು, ಗಾಳಿ ಆಡ್ತು, ಬೂಸಲು ಬತ್ತಿಲ್ಲೆ.

ಸಾಮಾನು ಜೋಡಿಸದರಲ್ಲೂ ಒಂದು ಕ್ರಮ ಮಾಡ್ಕಂಡ್ಯ. ಯಾವುದು ಎಲ್ಲಿದ್ದೋ ಅಲ್ಲೇ ಇರವು. ಧೂಳು ಒರೆಸಿದವು ಟಾರ್ಚನ್ನ ಎಡದಿಂದ ಬಲಕ್ಕೆ ಇಟ್ರೆ, ಕರೆಂಟು ಹೋದ ರಾತ್ರೆ ಅದು ಇದ್ದೂ ಇಲ್ಲದ ಹಂಗೆ. ಇನ್ನೊಂದು, ಅತ್ತೆ ಸುಣ್ಣದ ಡಬ್ಬಿ, ನೋವಿನ ಮುಲಾಮು ಡಬ್ಬಿ ಎರಡೂ ಒಂದೇ ಗಾತ್ರ. ಕತ್ತಲಲ್ಲಿ ಮಂಡಿಗೆ ಸುಣ್ಣ ಹಚ್ಚಿಗಂಡ್ರೆ ಕಥೆ ಮುಗಿತು! ಹಂಗಾಗಿ ಸುಣ್ಣ ಕವಳದ ಬಟ್ಟಲ ಸಂತಿಗೆ ಕೆಳಗಿನ ಖಾನೆಗೆ, ಮುಲಾಮು ಮೇಲೆ. ಮಾತ್ರೆಯೂ ಅಷ್ಟೇ, ಆ ರಾತ್ರೆದ್ದು ಮಾತ್ರ ಸಣ್ಣ ಡಬ್ಬಿಲಿ. ಉಳಿದ ಚೀಟಿ, ಪಟ್ಟಿ ಎಲ್ಲ ಕಪಾಟಿಗೆ. ನಿದ್ದೆಗಣ್ಣಲ್ಲಿ ಎರಡು ಸಲ ತಗಂಬ ಹೆದರಿಕೆ ಇಲ್ಲೆ.

ಟೇಬಲ್ಲು ಬಂದು ಒಂದು ಮಳೆಗಾಲ ಕಳತ್ತು. ಈಗ ಸುಮಾರು ರಾತ್ರೆ ಯಂಗೆ ಎಚ್ಚರಾದಾಗ ಆಚೆ ಕೋಣೆಲಿ ಲೋಟ ತೆಗೆದ ಸಣ್ಣ ಶಬ್ದ ಕೇಳ್ತು, ಮತ್ತೆ ತಂಬಿಗೆ ಮೇಲೆ ಮಗುಚಿ ಇಟ್ಟ ಶಬ್ದ. ಆನು ಏಳ್ತಿಲ್ಲೆ, ಮಗ್ಗುಲು ಬದಲಿಸಿ ಮಲಗ್ತಿ. ನಾದಿನಿ ಹೇಳಿದ ಬೆಲ್ಲೂ ಹಾಕ್ಸಿದ್ಯ, ಅದು ಬೇಡ ಹೇಳದಲ್ಲ. ಬಿದ್ದು ಎದ್ದು ಆದ್ರೆ ಬೇಕೇ ಬೇಕು. ಅದ್ನ ಈ ತನಕ ಅತ್ತೆ ಒತ್ತಿದ್ದು ಒಂದೇ ಸಲ, ಅದೂ ಮೊಮ್ಮಗಂಗೆ ಹ್ಯಾಂಗೆ ಕೂಗ್ತು ಹೇಳಿ ತೋರಿಸಲೆ.

ನಿಂಗಳ ಮನೆಲೂ ಅಮ್ಮಂಗೋ ಅತ್ತೆಗೋ ಇಂಥದ್ದು ಮಾಡ್ಸವು ಹೇಳಿದ್ರೆ ಇಷ್ಟು ನೆನಪಿಟ್ಗಳಿ. ಮೊದ್ಲು ಓಡಾಡಲೆ ಎಷ್ಟು ಬೇಕು ಹೇಳಿ ಲೆಕ್ಕ ಹಾಕಿ. ವಾಕರ್ ಇದ್ರೆ ವಾಕರಿನ ಅಗಲಕ್ಕೆ 8 ಇಂಚಾದ್ರೂ ಸೇರ್ಸಿ, ಉಳಿದದ್ದು ಟೇಬಲ್ಲಿಗೆ. ಪೇಪರ್ ಕತ್ತರಿಸಿ ಎರಡು ದಿನ ನೆಲಕ್ಕೆ ಹಾಸಿ ನೋಡಿ. ಎತ್ತರ ಹಾಸಿಗೆ ಸಮಕ್ಕೆ. ಹಾಸಿಗೆ ಹೊಸತು ತಗಂಬದಿದ್ರೆ ಅದು ಬಂದ ಮೇಲೇ ಅಳೆಯಿರಿ. ಗೋಡೆಗೆ ಕಚ್ಚಿಸದು ಮರೆಯಲಾಗ. ಎಲ್ಲಕ್ಕಿಂತ ಮೊದ್ಲು, ಅಲ್ಲಿ ಮಲಗುವವರ ಹತ್ರ ಕೇಳಿ, ಅವರ ಕೈ ಎಲ್ಲಿಗೆ ಬತ್ತು ನೋಡಿ. ಅಂಗಡಿಯವಕ್ಕೆ, ಮಕ್ಕಳಿಗೆ, ನಮಗೆ ಯಾರಿಗೂ ಅದು ಗೊತ್ತಿರ್ತಿಲ್ಲೆ.

ಹತ್ರದವು ಯಾರಾದ್ರೂ ನೋಡವು ಹೇಳಿದ್ರೆ ಒಂದು ಮಧ್ಯಾಹ್ನ ಬನ್ನಿ. ಅತ್ತೆಗೂ ಮಾತಾಡಲೆ ಜನ ಬೇಕು, ಕವಳದ ಬಟ್ಟಲೂ ಕೈಗೆ ಸಿಗ ಹಂಗೇ ಇದ್ದು.